ಹುಡುಗೀನ ಬೈಯೋ ಮೊದಲು ಐದೂವರಿ ತಾಸು ಕಳದು ನೋಡ್ರಿ

ಈ ಸಲ ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ಸಲ ಆಗಲಿ. ಇವತ್ತು ಹೊಟ್ಟ್ಯಾಗಿನ ಸಿಟ್ಟು ಹೊರಗ ಹಾಕಬೇಕಾಗೇತಿ. ಕಂಪ್ಯೂಟರ್ ವಿಷಯ ಅಂತ ಯಾರೂ ಎದ್ದು ಹೋಗಬ್ಯಾಡ್ರಿ. ಇದು ಕಂಪ್ಯೂಟರಿಗಿಂತ ನಮ್ಮ ಮನಿ ಹೆಣ್ಣುಮಕ್ಕಳ ವಿಷಯ.

ನಾವು ಇರೋದು ಲಿಂಗಸುಗೂರಾಗ, ನನ್ನ ಮೈದುನನ ಮನಿ ಸಿಂಧನೂರಾಗ. ನಡುವ ನನ್ನ ತವರು ಮಸ್ಕಿ. ಹಿಂಗಾಗಿ ಸಿಂಧನೂರಿಗೆ ಹೊಂಟಾಗೆಲ್ಲ ಮಸ್ಕ್ಯಾಗ ಇಳಿದು ನಮ್ಮವ್ವನ ಮಾರಿ ನೋಡೇ ಮುಂದ ಹೋಗೋದು ನನ್ನ ರೂಢಿ. ಆವತ್ತು ಇಳೀಲಿಲ್ಲ, ಸೀದಾ ಹೋದೆ. ಯಾಕಂದ್ರ ನೆಗೆಣ್ಣಿ ಫೋನಿನ್ಯಾಗ ಅಳಾಕ ಹತ್ತಿದ್ಳು: "ಅಕ್ಕಾ, ಹುಡುಗೀದು ಓದು ಬಿಡಸ್ತೀನಿ ಅಂತ ಕುಂತಾರ, ನೀ ಬಂದು ಹೇಳು."

ಆಗಿದ್ದು ಏನಂದ್ರ ಇಷ್ಟು. ನಮ್ಮ ಮೈದುನ ಮನಿ ಮುಂದಿನ ಖೋಲ್ಯಾಗ ಒಂದು ಕಂಪ್ಯೂಟರ್ ಇಟ್ಕೊಂಡು ಲಗ್ನಪತ್ರಿಕಿ, ಅರ್ಜಿ, ಪಹಣಿಗೆ ಬೇಕಾದ ಕಾಗದ ಎಲ್ಲಾ ಟೈಪ್ ಮಾಡಿ ಕೊಡ್ತಾನ. ನುಡಿ ತಂತ್ರಾಂಶದಾಗ ಕನ್ನಡ ಟೈಪ್ ಮಾಡೋದು ಅವನ ಕೆಲಸ, ಅದಕ್ಕ ವಿಂಡೋಸ್ ಬೇಕು. ಮಗಳು ಬಿಸಿಎ ಓದ್ತಾಳ. ಆಕಿಗೆ ಪ್ರೋಗ್ರಾಂ ಬರೆಯೋ ಅಭ್ಯಾಸಕ್ಕ ಲಿನಕ್ಸ್ ಬೇಕು. ಎರಡು ಕಂಪ್ಯೂಟರ್ ತರೋ ಶಕ್ತಿ ಇಲ್ಲ, ಹಂಗಾಗಿ ಒಂದರೊಳಗೇ ಎರಡೂ ಹಾಕಿಸ್ಯಾರ. ಬಟನ್ ಒತ್ತಿದ ಕೂಡ್ಲೆ "ವಿಂಡೋಸೋ, ಲಿನಕ್ಸೋ" ಅಂತ ಕೇಳತೈತಿ. ಒಂದು ಮನಿ, ಎರಡು ಒಲಿ ಇದ್ದಂಗ. ಇದಕ್ಕ ಡ್ಯುಯಲ್ ಬೂಟ್ ಅಂತಾರ.

ಒಂದು ದಿನ ಮುಂಜಾನೆ ಮೈದುನ ಯಾವುದೋ ಲಗ್ನಪತ್ರಿಕಿ ಹುಡುಕಾಕ ಹೋಗಿ ಮಗಳ ಫೈಲುಗಳನ್ನ ಕಂಡ. ಪಕ್ಕದಾಗ ಟೈಮ್ ಬರೆದಿತ್ತು. ಒಂದು ರಾತ್ರಿ 1:45, ಇನ್ನೊಂದು ರಾತ್ರಿ 2:10, ಮತ್ತೊಂದು 2:30. ಅಷ್ಟ ಸಾಕಾತು. "ಮನಿ ಮಂದಿ ಎಲ್ಲಾ ಮಲಗಿದ ಮ್ಯಾಲ ನಡುರಾತ್ರಿ ಎರಡಕ್ಕ ಎದ್ದು ಯಾರ ಕೂಡ ಮಾತಾಡ್ತೀ?" ಹುಡುಗಿ ಹೇಳಿದ್ಳು, "ಅಪ್ಪಾ, ನಾ ಊಟದ ಮುಂಚೆ ಕುಂತಿದ್ದೆ, ಕಂಪ್ಯೂಟರ್ ಟೈಮ್ ತಪ್ಪು ತೋರಸ್ತೈತಿ." ಅಪ್ಪ ಹೇಳಿದ, "ಮಷೀನ್ ಸುಳ್ಳು ಹೇಳಂಗಿಲ್ಲ." ಖೋಲಿಗೆ ಕೀಲಿ ಬಿತ್ತು. ಹದಿನೈದು ದಿನದಾಗ ಗಂಡು ನೋಡೋ ಮಾತೂ ಶುರು ಆತು.

ಮಷೀನ್ ಸುಳ್ಳು ಹೇಳಂಗಿಲ್ಲಂತ. ಹಂಗಾದ್ರ ಹೊಟ್ಟ್ಯಾಗ ಹುಟ್ಟಿದ ಮಗಳು ಸುಳ್ಳು ಹೇಳ್ತಾಳ? ಇದೇ ಮಾತಿಗೆ ನನಗ ಸಿಟ್ಟು ಬಂದಿದ್ದು.

ಖರೆ ಹೇಳ್ತೀನಿ, ಬಸ್ಸಿನ್ಯಾಗ ಕುಂತಾಗ ನನಗೂ ಒಂದು ಗಳಿಗಿ ಅನುಮಾನ ಬಂದಿತ್ತು. "ಬೆಂಕಿ ಇಲ್ಲದ ಹೊಗಿ ಬರತೈತೇನು" ಅಂತ. ಅದಕ್ಕ ಈಗ ನಾಚಿಕಿ ಆಗತೈತಿ. ನಾವು ಹೆಣ್ಣುಮಕ್ಕಳೇ ನಮ್ಮ ಹುಡುಗ್ಯಾರ ಮ್ಯಾಲ ಮೊದಲು ಅನುಮಾನ ಪಡತೀವಿ, ಆಮ್ಯಾಲ ವಿಚಾರ ಮಾಡತೀವಿ.

ಸಿಂಧನೂರಿಗೆ ಹೋಗಿ ಹುಡುಗೀನ ಅಡಿಗಿ ಮನ್ಯಾಗ ಕುಂಡ್ರಿಸ್ಕೊಂಡು ಕೇಳಿದೆ, "2:10 ಅಂತ ಬಿದ್ದ ದಿನ ನೀ ಖರೆ ಖರೆ ಎಷ್ಟೊತ್ತಿಗೆ ಕುಂತಿದ್ದಿ?" ಆಕಿ ಹೇಳೋದ್ರೊಳಗ ನೆಗೆಣ್ಣಿನೇ ಹೇಳಿದ್ಳು, "ಅವತ್ತು ರೊಟ್ಟಿ ಬಡ್ಯಾಕತ್ತಿದ್ದೆ, ಒಂಬತ್ತು ಆಗಿರಲಿಲ್ಲ. ಊಟಕ್ಕ ಬಾ ಅಂತ ನಾನೇ ಎರಡು ಸಲ ಕರದೆ. ಎಂಟೂ ನಲವತ್ತು ಇದ್ದೀತು." 8:40ಕ್ಕ ಎಷ್ಟು ಕೂಡಿಸಿದ್ರ 2:10 ಆಗತೈತಿ? ಐದೂವರಿ ತಾಸು. ಉಳಿದ ಎರಡು ದಿನದ್ದೂ ಲೆಕ್ಕ ಹಾಕಿದ್ವಿ. 1:45ರಾಗ ಐದೂವರಿ ಕಳದ್ರ 8:15. 2:30ರಾಗ ಕಳದ್ರ 9. ಎಲ್ಲಾ ಊಟದ ಹೊತ್ತಿನ ಆಸುಪಾಸು!

ಈ ಐದೂವರಿ ನನಗ ಪರಿಚಯದ ಲೆಕ್ಕ. ನಮ್ಮ ಅಕ್ಕನ ಮಗಳು ಲಂಡನ್ನಿನ್ಯಾಗ ನರ್ಸ್ ಇದ್ದಾಳ. ಚಳಿಗಾಲದಾಗ ಆಕಿಗೆ ಫೋನ್ ಮಾಡಬೇಕಾದ್ರ ನಮ್ಮ ಟೈಮಿನ್ಯಾಗ ಐದೂವರಿ ತಾಸು ಕಳೀಬೇಕು, ಬ್ಯಾಸಗ್ಯಾಗ ನಾಲ್ಕೂವರಿ. ಎಂಟು ವರ್ಷದಿಂದ ಬೆರಳು ಎಣಿಸಿ ರೂಢಿ ಆಗೇತಿ. ಹಂಗಾಗಿ ತಟ್ಟನ ಅನಿಸ್ತು: ಈ ಕಂಪ್ಯೂಟರ್ ಒಳಗ ಯಾವುದೋ ಒಂದು ಗಡಿಯಾರ ಲಂಡನ್ ಲೆಕ್ಕ ಹಾಕಾಕ ಹತ್ತೈತಿ. ಬೆಂಗಳೂರಿನ ನನ್ನ ಮಗನಿಗೆ ಫೋನ್ ಹಚ್ಚಿದೆ. ಅಂವ ನಕ್ಕು, "ಅವ್ವಾ, ಅರ್ಧ ಲೆಕ್ಕ ನೀನೇ ಬಿಡಿಸೀಯಲ್ಲ" ಅಂದ. ಉಳಿದಿದ್ದು ಅಂವ ಹೇಳಿದ. ಅದನ್ನ ನಿಮಗ ನನ್ನ ಮಾತಿನ್ಯಾಗ ಹೇಳ್ತೀನಿ.

ಕಂಪ್ಯೂಟರ್ ಬಂದ್ ಮಾಡಿದ್ರೂ ಅದರೊಳಗ ಒಂದು ಸಣ್ಣ ಗಡಿಯಾರ ನಡೀತಿರತೈತಿ. ಮದರ್‌ಬೋರ್ಡ್ ಮ್ಯಾಲ ರೂಪಾಯಿ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಇರತೈತಿ, ಹೆಸರು ಸಿಆರ್ 2032. ಅದರ ಬಲದ ಮ್ಯಾಲ ಒಂದು ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ನಡಗತೈತಿ. ಅದನ್ನ ಎಣಿಸಿ ಗಡಿಯಾರ ಮುಂದ ಹೋಗತೈತಿ. ನಮ್ಮ ಕೈಗಡಿಯಾರದೊಳಗೂ ಇದೇ ವಿದ್ಯೆ. ಆದ್ರ ಆ ಸಣ್ಣ ಗಡಿಯಾರಕ್ಕ ಗೊತ್ತಿರೋದು ಬರೀ ಅಂಕಿ. "20:40" ಅಂತ ಬರಕೊಂಡಿರತೈತಿ. ಅದು ಸಿಂಧನೂರಿನ 20:40ಯೋ, ಲಂಡನ್ನಿಂದೋ, ಅದು ಹೇಳಂಗಿಲ್ಲ. ಓದೋರು ತಿಳ್ಕೋಬೇಕು.

ಇಲ್ಲೇ ಜಗಳ. ವಿಂಡೋಸ್ ಏನು ತಿಳ್ಕೊಳ್ಳತೈತಿ ಅಂದ್ರ, "ಇದು ಈ ಊರಿನ ಟೈಮು." 1984ರಾಗ ಐಬಿಎಂ ಕಂಪನಿ ಬ್ಯಾಟರಿ ಗಡಿಯಾರ ಇರೋ ಕಂಪ್ಯೂಟರ್ ತಂದಾಗ ಡಾಸ್ ಅನ್ನೋ ಹಳೇ ವ್ಯವಸ್ಥೆಯೊಳಗ ಹಂಗೇ ರೂಢಿ ಇತ್ತು. ವಿಂಡೋಸ್ ಅದನ್ನೇ ಮುಂದುವರಿಸಿತು. ಲಿನಕ್ಸ್ ಬ್ಯಾರೆ ಮನೆತನದ್ದು. ಅದು, "ಇದು ಯುಟಿಸಿ" ಅಂತ ತಿಳ್ಕೊಳ್ಳತೈತಿ. ಯುಟಿಸಿ ಅಂದ್ರ ಲೋಕಕ್ಕೆಲ್ಲ ಒಂದೇ ಆದ ಮೂಲ ಹೊತ್ತು. ಲಂಡನ್ನಿನ ಚಳಿಗಾಲದ ಟೈಮು ಅದಕ್ಕ ಸರಿ ಹೊಂದತೈತಿ. ಅದಕ್ಕ ಐದೂವರಿ ಕೂಡಿಸಿದ್ರ ಭಾರತದ ಟೈಮು.

ಡಬ್ಬಿ ಮ್ಯಾಲ ಬರೀ "5" ಅಂತ ಬರೆದೈತಿ ಅಂತ ತಿಳ್ಕೊಳ್ರಿ. ಅತ್ತಿ ಅದನ್ನ ಸೇರು ಅಂತ ಓದ್ತಾಳ, ಸೊಸಿ ಕಿಲೋ ಅಂತ ಓದ್ತಾಳ. ಡಬ್ಬಿ ಸುಳ್ಳು ಹೇಳಿಲ್ಲ, ಅತ್ತಿ ತಪ್ಪು ಮಾಡಿಲ್ಲ, ಸೊಸೀನೂ ತಪ್ಪು ಮಾಡಿಲ್ಲ. ಆದ್ರೂ ಜ್ವಾಳ ಕಡಿಮಿ ಬೀಳತೈತಿ, ಮತ್ತ ಬೈಗುಳ ಯಾರಿಗೆ ಬೀಳತೈತಿ ಅನ್ನೋದು ನಿಮಗೂ ಗೊತ್ತೈತಿ.

ನಮ್ಮ ಹುಡುಗಿ ವಿಷಯದಾಗ ಆಗಿದ್ದೂ ಇದೇ. ಸಂಜಿಕ ಅಪ್ಪ ವಿಂಡೋಸ್ ಹಚ್ಚಿ ಟೈಮ್ ಸರಿ ಮಾಡಿದ. ಅದು ಒಳಗಿನ ಗಡಿಯಾರಕ್ಕ ನಮ್ಮ ಊರಿನ ಟೈಮು ಬರೀತು. ರಾತ್ರಿ ಎಂಟೂ ನಲವತ್ತಕ್ಕ ಮಗಳು ಲಿನಕ್ಸ್‌ನ್ಯಾಗ ಕುಂತಿದ್ಳು. ಅದು 20:40 ಅನ್ನೋದನ್ನ ಯುಟಿಸಿ ಅಂತ ಓದಿ, ಮ್ಯಾಲ ಐದೂವರಿ ಕೂಡಿಸಿ, 2:10 ಅಂತು. ನೆಟ್ ಇದ್ದಿದ್ರ ಲಿನಕ್ಸ್ ತಾನೇ ಟೈಮ್ ತಿದ್ದಿಕೊಳ್ತಿತ್ತು. ಆದ್ರ ರಾತ್ರಿ ಅಪ್ಪ ಫೋನಿನ ನೆಟ್ ಕೊಡಂಗಿಲ್ಲ, "ಹುಡುಗಿ ಕೆಡತಾಳ" ಅಂತ. ಹುಡುಗಿ ಕೆಡಬಾರದಂತ ನೆಟ್ ತೆಗದ್ರು, ನೆಟ್ ಇಲ್ಲದ್ದಕ್ಕ ಟೈಮ್ ಕೆಟ್ಟಿತು, ಟೈಮ್ ಕೆಟ್ಟಿದ್ದಕ್ಕ ಹುಡುಗಿ ಕೆಟ್ಟಾಳ ಅಂದ್ರು. ಎಂಥ ನ್ಯಾಯ ನೋಡ್ರಿ!

ತಿರುವುಮುರುವೂ ಆಗತೈತಿ. ಹಗಲಿನ್ಯಾಗ ಆಕಿ ನೆಟ್ ಹಚ್ಚಿ ಲಿನಕ್ಸ್‌ನ್ಯಾಗ ಪಾಠ ಕೇಳಿದ್ರ ಅದು ಒಳಗಿನ ಗಡಿಯಾರಕ್ಕ ಯುಟಿಸಿ ಬರೀತಿತ್ತು. ಆಮ್ಯಾಲ ಅಪ್ಪ ಮೂರು ಗಂಟೆಗೆ ವಿಂಡೋಸ್ ಹಚ್ಚಿದ್ರ ಮುಂಜಾನೆ ಒಂಬತ್ತೂವರಿ ತೋರಸ್ತಿತ್ತು. "ಮಗಳು ಮುಟ್ಟಿದ್ರ ಸಾಕು, ಕಂಪ್ಯೂಟರ್ ಹಾಳು ಮಾಡ್ತಾಳ" ಅಂತ ಅದಕ್ಕೂ ಬೈಗುಳ. ಇಬ್ಬರೂ ಸರಿ ಮಾಡ್ತಾ ಹೋದಷ್ಟೂ ಇನ್ನೊಬ್ಬರದು ತಪ್ಪಾಗ್ತಿತ್ತು.

ಈಗ "ನಮ್ಮ ಟೈಮು ಖರೆ, ಯುಟಿಸಿ ಸುಳ್ಳು" ಅನ್ನೋರಿಗೆ ಒಂದು ಮಾತು. ನಮ್ಮ ಟೈಮಾದರೂ ಏನು ಸೂರ್ಯದೇವ ಬರೆದು ಕೊಟ್ಟಿದ್ದಾ? 1906ರ ಜನವರಿ 1ಕ್ಕ ಭಾರತಕ್ಕೆಲ್ಲ ಒಂದು ಟೈಮು ಅಂತ ಮಾಡಿದ್ರು, ಮಿರ್ಜಾಪುರದ ಕಡೆ ಹಾಯ್ದು ಹೋಗೋ 82.5 ಡಿಗ್ರಿ ರೇಖಾಂಶದ ಲೆಕ್ಕದಾಗ. ಮುಂಬೈ ಮಂದಿ ಅದನ್ನ ಒಪ್ಪದ 1955ರ ತನಕ ತಮ್ಮದೇ ಬ್ಯಾರೆ ಟೈಮು ಇಟ್ಕೊಂಡಿದ್ರು. ಸಿಂಧನೂರಾಗ ಸೂರ್ಯ ನೆತ್ತಿ ಮ್ಯಾಲ ಬರೋದು ಸರಾಸರಿ ನೋಡಿದ್ರ ಗಡಿಯಾರದಾಗ ಹನ್ನೆರಡು ಹೊಡದು 23 ನಿಮಿಷ ಆದ ಮ್ಯಾಲ. ಅಂದ್ರ ಗೋಡಿ ಮ್ಯಾಲಿನ ಟೈಮೂ ಒಂದು ಒಪ್ಪಂದವೇ. ಒಪ್ಪಂದ ಯಾವುದಾದ್ರೂ ಆಗಲಿ, ಒಂದು ಗಡಿಯಾರಕ್ಕ ಒಂದೇ ಇರಬೇಕು. ತುಂಗಭದ್ರಾ ಎಡದಂಡೆ ಕಾಲುವಿ ಕೆಳಗ ಗದ್ದಿ ಮಾಡೋ ನಮ್ಮ ಕಡೆ ಮಂದಿಗೆ ಇದನ್ನ ಬಿಡಿಸಿ ಹೇಳಬೇಕೇನು? ನೀರಿನ ಪಾಳಿ ಒಬ್ಬ ಹೊತ್ತು ಹುಟ್ಟಿದಾಗಿಂದ ಎಣಿಸಿ, ಇನ್ನೊಬ್ಬ ಮೊಬೈಲ್ ನೋಡಿ ಎಣಿಸಿದ್ರ ಗದ್ಯಾಗ ನೀರಿಗಿಂತ ಮೊದಲು ಬಡಿಗಿ ಬರತಾವ.

ನನ್ನ ತವರೂರಿನ ಗುಡ್ಡದ ಶಾಸನ ನೆನಪಾತು. ಸಣ್ಣಾಕಿ ಇದ್ದಾಗ ಸಾಲ್ಯಾಗ ಕರ್ಕೊಂಡು ಹೋಗಿ ತೋರಿಸಿದ್ರು. ಬ್ಯಾರೆ ಕಡೆ ಸಿಕ್ಕ ಶಾಸನದಾಗೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಬಿರುದಷ್ಟೇ ಇತ್ತು. ಅದು ಯಾವ ರಾಜ ಅಂತ ಪಂಡಿತರು ತಲಿ ಕೆಡಿಸ್ಕೊಂಡಿದ್ರು. 1915ರಾಗ ಮಸ್ಕಿ ಶಾಸನ ಸಿಕ್ಕಾಗ ಅದರೊಳಗ ಅಶೋಕ ಅನ್ನೋ ಹೆಸರೇ ಇತ್ತು. ಎರಡು ಹೆಸರು, ಒಬ್ಬನೇ ರಾಜ ಅಂತ ಗಟ್ಟಿ ಆತು. 15:10 ಯುಟಿಸಿ, ರಾತ್ರಿ 8:40 ಭಾರತದ ಟೈಮು, ಇವೂ ಹಂಗೇ. ಎರಡು ಹೆಸರು, ಗಳಿಗಿ ಒಂದೇ. ಹುಡುಗಿ ರೊಟ್ಟಿ ತಿನ್ನೋ ಮುಂಚಿನ ಆ ಗಳಿಗಿ.

ಇನ್ನ ಊರ ಮಂದಿ ಕೊಟ್ಟ ಬುದ್ಧಿಮಾತಿಗೆ ಬರ್ತೀನಿ.

ಮೊದಲನೇದು, "ಬ್ಯಾಟರಿ ಬದಲಿಸ್ರಿ." ರಿಪೇರಿ ಅಂಗಡಿಯಾಂವ ಎರಡು ಸಲ ಬ್ಯಾಟರಿ ಬದಲಿಸಿ ಎರಡು ಸಲ ರೊಕ್ಕ ತಗೊಂಡಾನ. ಅಲ್ರೀ, ಬ್ಯಾಟರಿ ಸತ್ತಿದ್ರ ಗಡಿಯಾರ ಹಿಂದ ಬೀಳತೈತಿ, ಇಲ್ಲಾ ಯಾವುದೋ ಹಳೇ ವರ್ಷದ ತಾರೀಖಿಗೆ ಹೋಗಿ ನಿಲ್ಲತೈತಿ. ನೇಮ ಹಿಡಿದಂಗ ಪ್ರತಿ ಸಲ ಸರಿಯಾಗಿ ಐದೂವರಿ ತಾಸು ತಪ್ಪಂಗಿಲ್ಲ. ಇದೊಂದು ಮಾತು ಸೆರಗಿನ್ಯಾಗ ಗಂಟು ಹಾಕ್ಕೊಳ್ರಿ: ಟೈಮ್ ಹೆಂಗರ ತಪ್ಪಿದ್ರ ಬ್ಯಾಟರಿ ನೋಡ್ರಿ, ಬರೋಬ್ಬರಿ ಐದೂವರಿ ತಪ್ಪಿದ್ರ ಎರಡು ವ್ಯವಸ್ಥೆಯ ಜಗಳ ನೋಡ್ರಿ.

ಎರಡನೇದು, "ಲಿನಕ್ಸ್ ತೆಗದು ಒಗೀರಿ." ಇದು ಜಗಳ ಬಗೆಹರಿಸಾಕ ಸೊಸೀನ ತವರಿಗೆ ಕಳಿಸಿದಂಗ ಆತು. ಕಾಸರಗೋಡಿನ ಕನ್ನಡ ಶಾಲಿ ಮಕ್ಕಳು ಲಿನಕ್ಸ್ ಮ್ಯಾಲೇ ಕಂಪ್ಯೂಟರ್ ಕಲೀತಾವ, ಕೇರಳದ ಸರ್ಕಾರಿ ಶಾಲಿಗಳೊಳಗ ಅದೇ ಪದ್ಧತಿ ಐತಿ. ಅಲ್ಲಿ ಸಣ್ಣ ಹುಡುಗರು ಕಲಿಯೋದನ್ನ ನಮ್ಮ ಹುಡುಗಿ ಡಿಗ್ರ್ಯಾಗ ಕಲಿಯಬಾರದಾ? ಅಪ್ಪನ ನುಡಿ ಎಷ್ಟು ಮುಖ್ಯನೋ ಮಗಳ ಲಿನಕ್ಸೂ ಅಷ್ಟೇ ಮುಖ್ಯ.

ಮೂರನೇದು, "ದಿನಾ ಕೈಯಿಂದ ಸರಿ ಮಾಡಿಕೊಂಡ್ರಾತು." ಅದನ್ನೇ ಮಾಡ್ತಾ ಬಂದದ್ದಕ್ಕ ಇಷ್ಟೆಲ್ಲ ಆಗಿದ್ದು. ಸೋರೋ ಮಾಳಿಗಿ ಕೆಳಗ ದಿನಾ ಬೋಗಾಣಿ ಇಟ್ರ ಮಾಳಿಗಿ ಸೋರೋದು ನಿಲ್ಲಂಗಿಲ್ಲ.

ನಾಲ್ಕನೇದು ಸ್ವಲ್ಪ ಬಲವಾದ ಮಾತು: "ಲಿನಕ್ಸಿಗೇ ಊರಿನ ಟೈಮು ಓದಾಕ ಹೇಳ್ರಿ, ಒಂದು ಸಾಲಿನ ಕೆಲಸ." ಹೌದು, ಹಂಗ ಮಾಡಾಕ ಬರತೈತಿ. ಭಾರತದಾಗಷ್ಟೇ ಇರೋ ಕಂಪ್ಯೂಟರಿಗೆ ಅದು ನಡೀತೈತಿ ಕೂಡ. ಆದ್ರ ಹಂಗ ಮಾಡಿದ್ರ ಲಿನಕ್ಸ್ ತಾನೇ "ಇದು ಛಲೋ ಅಲ್ಲ" ಅಂತ ಎಚ್ಚರಿಕಿ ಕೊಡತೈತಿ. ಲಂಡನ್ನಿನಂಥ ಊರಾಗ ವರ್ಷಕ್ಕ ಎರಡು ಸಲ ಗಡಿಯಾರ ಒಂದು ತಾಸು ಹಿಂದ ಮುಂದ ಮಾಡ್ತಾರ. ಅಲ್ಲಿ ಎರಡೂ ವ್ಯವಸ್ಥೆ ಊರಿನ ಟೈಮೇ ಬರೀತಿದ್ರ ಎರಡೂ ಒಂದೊಂದು ತಾಸು ತಿದ್ದಿ, ಟೈಮು ಅಡ್ಡಾದಿಡ್ಡಿ ಆಗತೈತಿ. ನಮ್ಮ ಮಕ್ಕಳು ನಾಳೆ ಎಲ್ಲಿಗೆ ಹೋಗಿ ಕೆಲಸ ಮಾಡ್ತಾರೋ ಯಾರಿಗೆ ಗೊತ್ತು? ಹಂಗಾಗಿ ನನ್ನ ಪಟ್ಟು ಇಷ್ಟ: ಒಳಗಿನ ಗಡಿಯಾರಕ್ಕ ಯುಟಿಸಿ ಇರಲಿ, ತಿದ್ದೋದು ವಿಂಡೋಸ್‌ನ್ಯಾಗ ತಿದ್ರಿ. ಯಾವಾಗಲೂ ಹುಡುಗಿ ಪಾಲಿಂದೇ ಯಾಕ ಬಗ್ಗಬೇಕು?

ಮಾಡೋದು ಹೆಂಗ ಅಂದ್ರ, ಬಿಡಿಸಿ ಹೇಳ್ತೀನಿ. ವಿಂಡೋಸ್ ಹಚ್ಚಿ, ಹುಡುಕೋ ಜಾಗದಾಗ ರೆಜ್‌ಎಡಿಟ್ ಅಂತ ಟೈಪ್ ಮಾಡ್ರಿ. ರಿಜಿಸ್ಟ್ರಿ ಎಡಿಟರ್ ಅಂತ ಬರತೈತಿ, ಅದನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೀರಿ. ಇದು ಕಂಪ್ಯೂಟರಿನ ದೇವರ ಜಗಲಿ ಇದ್ದಂಗ, ಬ್ಯಾರೆ ಯಾವುದನ್ನೂ ಮುಟ್ಟಬ್ಯಾಡ್ರಿ. ಮೊದಲು ಫೈಲ್ ಒಳಗ ಎಕ್ಸ್‌ಪೋರ್ಟ್ ಒತ್ತಿ ಒಂದು ನಕಲು ಇಟ್ಕೊಳ್ರಿ. ಎಡಗಡೆ ಎಚ್‌ಕೀ ಲೋಕಲ್ ಮಷೀನ್, ಅದರೊಳಗ ಸಿಸ್ಟಮ್, ಅದರೊಳಗ ಕರೆಂಟ್ ಕಂಟ್ರೋಲ್ ಸೆಟ್, ಅದರೊಳಗ ಕಂಟ್ರೋಲ್, ಅದರೊಳಗ ಟೈಮ್ ಝೋನ್ ಇನ್ಫರ್ಮೇಶನ್. ಒಂದೊಂದೇ ಬಾಗಲಾ ತೆಕ್ಕೊಂಡು ಒಳಗ ಹೋಗ್ರಿ. ಬಲಗಡೆ ಖಾಲಿ ಜಾಗದಾಗ ಬಲ ಗುಂಡಿ ಒತ್ತಿ, ನ್ಯೂ ಒಳಗ ಡಿವರ್ಡ್ 32 ಬಿಟ್ ಆರಿಸ್ರಿ. ಅದಕ್ಕ ರಿಯಲ್ ಟೈಮ್ ಈಸ್ ಯೂನಿವರ್ಸಲ್ ಅಂತ ಹೆಸರು ಕೊಡ್ರಿ. ಇಂಗ್ಲಿಷಿನ್ಯಾಗ, ನಾಲ್ಕೂ ಶಬ್ದ ಕೂಡಿಸಿ, ನಡುವ ಜಾಗ ಬಿಡದ, ಒಂದೊಂದು ಶಬ್ದದ ಮೊದಲ ಅಕ್ಷರ ದೊಡ್ಡದು. ಅದರ ಮ್ಯಾಲ ಎರಡು ಸಲ ಒತ್ತಿ ಬೆಲಿ 1 ಅಂತ ಹಾಕ್ರಿ. ವಿಂಡೋಸ್ ಕೆಲಸ ಮುಗೀತು.

ಈಗ ಬಂದ್ ಮಾಡಿ ಲಿನಕ್ಸ್ ಹಚ್ರಿ. ನೆಟ್ ಕೊಡ್ರಿ. ಹ್ಞಾಂ, ಕೊಡ್ರಿ, ಏನೂ ಕೆಡಂಗಿಲ್ಲ. ಟೈಮ್ ಸರಿ ಆಗಿ ಒಳಗಿನ ಗಡಿಯಾರಕ್ಕ ಬರೆಯೋ ತನಕ ಒಂದು ಕಾಲು ತಾಸು ಬಿಡ್ರಿ, ಅಷ್ಟರಾಗ ಚಹಾ ಮಾಡ್ರಿ. ಆಮ್ಯಾಲ ಟರ್ಮಿನಲ್ ತೆಗದು ಟೈಮ್‌ಡೇಟ್‌ಸಿಟಿಎಲ್ ಅಂತ ಟೈಪ್ ಮಾಡಿದ್ರ ಮೂರೂ ಟೈಮು ಸಾಲಾಗಿ ತೋರಸ್ತೈತಿ: ಊರಿಂದು, ಯುಟಿಸಿ, ಒಳಗಿನ ಗಡಿಯಾರದ್ದು. ಆರ್‌ಟಿಸಿ ಇನ್ ಲೋಕಲ್ ಟಿಝಡ್ ಅನ್ನೋ ಸಾಲಿನ ಮುಂದ "ನೋ" ಅಂತ ಇದ್ರ ಎಲ್ಲಾ ಸರಿ. "ಯೆಸ್" ಅಂತ ಇದ್ರ, ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 0 ಅಂತ ಕೊಡ್ರಿ. ಮತ್ತ ವಿಂಡೋಸಿಗೆ ಹೋಗಿ ನೋಡ್ರಿ. ಮೊದಲನೇ ಸಲ ತಪ್ಪು ತೋರಿಸಿದ್ರ ಟೈಮ್ ಸೆಟ್ಟಿಂಗಿನ್ಯಾಗ ಸಿಂಕ್ ನೌ ಒಮ್ಮೆ ಒತ್ರಿ. ಆಮ್ಯಾಲ ಜಗಳ ಇಲ್ಲ.

ಅವತ್ತು ಇದನ್ನೆಲ್ಲ ಮಾಡಿದ್ದು ಹುಡುಗೀನೇ, ಅಪ್ಪನ ಕಣ್ಣ ಮುಂದ, ಫೋನಿನ್ಯಾಗ ನನ್ನ ಮಗ ಒಂದೊಂದೇ ಹೇಳಿದಂಗ. ಅರ್ಧ ತಾಸು ಹಿಡೀಲಿಲ್ಲ, ಒಂದು ರೂಪಾಯಿ ಖರ್ಚಾಗಲಿಲ್ಲ. ಆಮ್ಯಾಲ ನಾನು ಮೈದುನನಿಗೆ ಹೇಳಿದೆ, "ಲಿನಕ್ಸ್‌ನ್ಯಾಗ ಒಂದು ಫೈಲ್ ಮಾಡಿಸು, ನೆಟ್ ಬಂದ್ ಮಾಡಿಸು, ನಿನ್ನ ಗಡಿಯಾರ ನೋಡ್ಕೋತ ಮಾಡಿಸು." ಸಂಜಿ 6:20ಕ್ಕ ಮಾಡಿದ ಫೈಲ್ ವಿಂಡೋಸ್‌ನ್ಯಾಗ 6:20 ಅಂತಲೇ ತೋರಿಸ್ತು. ಅಂವ ಬಾಳ ಹೊತ್ತು ಅದನ್ನೇ ನೋಡ್ಕೋತ ಕುಂತ. "ತಪ್ಪಾತು" ಅನ್ನಲಿಲ್ಲ. ಕೀಲಿಕೈ ಮಾತ್ರ ಮಗಳ ಮುಂದ ಟೇಬಲ್ ಮ್ಯಾಲ ಇಟ್ಟು ಹೊರಗ ಹೋದ.

ಅಷ್ಟಕ್ಕ ಸಮಾಧಾನ ಆಗ್ರಿ ಅಂತ ನೆಗೆಣ್ಣಿ ಅಂದ್ಳು. ನನಗ ಸಮಾಧಾನ ಇಲ್ಲ. ಹುಡುಗಿ ಪಾರಾಗಿದ್ದು ಲೆಕ್ಕ ಸರಿ ಹೊಂದಿದ್ದಕ್ಕ, ನಮ್ಮೊಳಗ ಯಾರೋ ಒಬ್ಬಾಕಿಗೆ ಐದೂವರಿ ಅನ್ನೋದು ನೆನಪು ಇದ್ದದ್ದಕ್ಕ. ಇರದಿದ್ರ? ಈ ಹೊತ್ತಿಗೆ ಲಗ್ನಪತ್ರಿಕಿ ಟೈಪ್ ಮಾಡ್ತಿದ್ರು, ಅದೇ ಕಂಪ್ಯೂಟರಿನ್ಯಾಗ. ಆಕಿ ಮೊದಲನೇ ದಿನಾನೇ "ಟೈಮ್ ತಪ್ಪು ತೋರಸ್ತೈತಿ" ಅಂದಿದ್ಳು. ಎಂಟೂ ನಲವತ್ತಕ್ಕ ಊಟಕ್ಕ ಕರೆದ ತಾಯಿ ಅಲ್ಲೇ ಇದ್ಳು. ಇಬ್ಬರು ಹೆಣ್ಣುಮಕ್ಕಳ ಮಾತಿಗಿಂತ ಒಂದು ನಾಣ್ಯದಷ್ಟು ಬ್ಯಾಟರಿ ಮಾತು ಹೆಚ್ಚಾತು.

ಅದಕ್ಕ ಅಕ್ಕತಂಗೇರಾ, ಮಷೀನ್ ಹೇಳಿದ್ದನ್ನ ನಂಬಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ಅದು ಯಾವ ಊರಿನ ಟೈಮು ಹೇಳಾಕ ಹತ್ತೈತಿ ಅಂತ ಮೊದಲು ಕೇಳ್ರಿ. ಮತ್ತ ಮಷೀನಿಗಿಂತ ಮೊದಲು ಹುಡುಗೀನ ಕೇಳ್ರಿ. ಆಕಿ ಹೇಳಿದ್ದನ್ನ ಲೆಕ್ಕ ಹಾಕಿ ನೋಡ್ರಿ. ನಿಮ್ಮ ಮನ್ಯಾಗೂ ಹಿಂಗ ಒಂದೇ ಕಂಪ್ಯೂಟರಿನ್ಯಾಗ ಎರಡು ವ್ಯವಸ್ಥೆ ಇದ್ರ ಇವತ್ತೇ ಸರಿ ಮಾಡಿಸ್ರಿ. ಕೈ ನಡಗಿದ್ರ ನನಗ ಫೋನ್ ಮಾಡ್ರಿ, ನಾ ಸಿಂಧನೂರಿನ ಹುಡುಗೀಗೆ ಕೊಡ್ತೀನಿ. ಆಕಿ ಈಗ ಮಸ್ಕ್ಯಾಗ ನಮ್ಮ ತಮ್ಮನ ಕಂಪ್ಯೂಟರೂ ಸರಿ ಮಾಡಿ ಕೊಟ್ಟಾಳ.

ಉಪ್ಪಿನಕಾಯಿ ಮುಂದಿನ ಸಲ, ಖರೇನ.